ಸ್ಕೂಟರ್ ಮೈಲೇಜು: ಸ್ಟಾಫ್ ರೂಮಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆ ತುಮಕೂರಿನ ಕ್ಯಾತ್ಸಂದ್ರ, ಶಾಲೆ ಗುಬ್ಬಿ ಕಡೆ. ಹೋಗಿ ಬರೋದು ದಿನಕ್ಕೆ 48 ಕಿ.ಮೀ. ನನ್ನ ಗಾಡಿ 2018ರ 110 ಸಿಸಿ ಸ್ಕೂಟರು, ಕಾರ್ಬರೇಟರಿನದು (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾಲದ ಭಾಗ). ಮಗಳದು 2022ರ 125 ಸಿಸಿ, ಫ್ಯೂಯಲ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ಅಳೆದು ಬಿಡೋದು ಒಂದು ಪುಟ್ಟ ಕಂಪ್ಯೂಟರು. ಎರಡಕ್ಕೂ ಪೆಟ್ರೋಲ್ ಹಾಕಿಸಿದಾಗೆಲ್ಲ ಸೀಟಿನ ಕೆಳಗಿರುವ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನಗೊಂದು ಚಟ. ಈ ಚಟದ ಸುದ್ದಿ ಹಬ್ಬಿದ ಮೇಲೆ ಹಾಜರಿ ಪುಸ್ತಕಕ್ಕೆ ಸಹಿ ಹಾಕೋಕೂ ಬಿಡದೆ ಯಾರಾದರೊಬ್ಬರು "ಮೇಡಂ, ನನ್ ಗಾಡಿ..." ಅಂತ ಶುರುಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಗಾಡಿ ನಿಜವಾಗಿ ಎಷ್ಟು ಕೊಡ್ತಿದೆ ಅಂತ ತಿಳಿಯೋದು ಹೇಗೆ?

ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಬೇಕು. ಮಿಕ್ಕಿದ್ದೆಲ್ಲ ಅಂದಾಜು.

ನಮ್ಮ ಪಿಟಿ ಮೇಷ್ಟ್ರು "ನನ್ ಗಾಡಿ ಐವತ್ತೈದಕ್ಕೆ ಒಂದು ಪಾಯಿಂಟ್ ಕಮ್ಮಿ ಕೊಡಲ್ಲ" ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಅವರ ಲೆಕ್ಕ ಹೀಗೆ: ಇನ್ನೂರು ರೂಪಾಯಿ ಹಾಕಿಸ್ತಾರೆ, ಮುಳ್ಳು ಕೆಂಪಿಗೆ ಬರುವಷ್ಟರಲ್ಲಿ ನೂರು ಕಿಲೋಮೀಟರ್ ದಾಟಿರುತ್ತೆ. ಸ್ಕೂಟರಿನ ಮುಳ್ಳನ್ನು ನಂಬಿ ಲೆಕ್ಕ ಹಾಕೋದು ಅಂದರೆ ಹಿಂದಿನ ಬೆಂಚಿನ ಹುಡುಗ ಹೇಳಿದ ಅಂಕಕ್ಕೆ ಮಾರ್ಕ್ಸ್ ಕಾರ್ಡ್ ಬರೆದ ಹಾಗೆ. ಅದು ಏರಿನಲ್ಲಿ ಒಂದು ತೋರಿಸುತ್ತೆ, ಇಳಿಜಾರಿನಲ್ಲಿ ಇನ್ನೊಂದು, ಸೈಡ್ ಸ್ಟ್ಯಾಂಡಿನಲ್ಲಿ ಮತ್ತೊಂದು.

ನಾನು ಮಾಡೋದು ಇಷ್ಟೇ. ಬಂಕಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕುತ್ತೇನೆ. ನಾಝಲ್ ಮೊದಲ ಸಲ ಟಕ್ ಅಂತ ತಾನೇ ನಿಂತಾಗ "ಸಾಕಪ್ಪ" ಅನ್ನುತ್ತೇನೆ. ಮೀಟರಿನ ಕಿಲೋಮೀಟರ್ ಬರೆದುಕೊಳ್ಳುತ್ತೇನೆ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಮೊದಲ ಟಕ್ ತನಕ. ಈಗ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ನಡುವೆ ಓಡಿದ ಕಿಲೋಮೀಟರನ್ನು ಭಾಗಿಸೋದು. ನೋಟ್‌ಬುಕ್ಕಿನ ಒಂದು ಸಾಲು: 41,212ರಿಂದ 41,398, ಅಂದರೆ 186 ಕಿ.ಮೀ. ಹಿಡಿದದ್ದು 4.08 ಲೀಟರ್. ಮೈಲೇಜು 45.6.

ಒಂದೇ ಸಲದ ಲೆಕ್ಕ ನೋಡಿ ಕುಣಿಯಬೇಡಿ, ಅಳಲೂಬೇಡಿ. ನಾಝಲ್ ಒಮ್ಮೆ ಬೇಗ ನಿಲ್ಲುತ್ತೆ, ಒಮ್ಮೆ ತಡವಾಗಿ. 200 ಮಿಲಿ ಆಚೀಚೆ ಆದರೂ 4 ಲೀಟರಿಗೆ ಅದು ಶೇ. 5. 45 ಕೊಡುವ ಗಾಡಿ ಒಂದು ವಾರ 43 ಅಂತಲೂ ಮುಂದಿನ ವಾರ 47 ಅಂತಲೂ ಕಾಣುತ್ತೆ, ಗಾಡಿಯಲ್ಲಿ ಏನೂ ಬದಲಾಗಿರೋದಿಲ್ಲ. ಐದು ಸಲದ ಕಿಲೋಮೀಟರು, ಐದು ಸಲದ ಲೀಟರು ಕೂಡಿಸಿ ಭಾಗಿಸಿದರೆ ಅದೇ 200 ಮಿಲಿ ಈಗ 20 ಲೀಟರಿಗೆ ಹಂಚಿಹೋಗಿ ಶೇ. 1ಕ್ಕೆ ಇಳಿಯುತ್ತೆ. "ಹೊಸ ಆಯಿಲ್ ಹಾಕಿಸಿದೆ, ಎರಡು ಕಿಲೋಮೀಟರ್ ಜಾಸ್ತಿ ಬಂತು" ಅನ್ನುವ ಅರ್ಧದಷ್ಟು ಕತೆಗಳು ಈ 200 ಮಿಲಿಯ ಆಟವೇ.

ಬಾಯಿ ತನಕ ತುಂಬಿಸೋದು ಬೇಡ. ಈಗಿನ ಗಾಡಿಗಳಲ್ಲಿ ಪೆಟ್ರೋಲಿನ ಆವಿ ಹಿಡಿಯೋಕೆ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತೆ. ಗಂಟಲ ತನಕ ತುಂಬಿದರೆ ಪೆಟ್ರೋಲ್ ಅದರೊಳಗೆ ಹೋಗಿ ಡಬ್ಬಿ ಕೆಡುತ್ತೆ.

ಶೋರೂಮಿನವರು ಅರವತ್ತು ಅಂದಿದ್ರು. ನಲವತ್ನಾಲ್ಕು ಬರ್ತಿದೆ. ಮೋಸ ಅಲ್ವಾ?

ಮೋಸ ಅನ್ನೋಕಾಗಲ್ಲ. ಅದು ಲ್ಯಾಬಿನ ಅಂಕಿ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಏರಿಳಿತದ ವೇಗದಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಭದ್ರಮ್ಮ ಸರ್ಕಲ್ ಇಲ್ಲ, ಹಂಪ್ಸ್ ಇಲ್ಲ, ಹಿಂದೆ ಕೂತ ಯಜಮಾನರಿಲ್ಲ. ಎರಡು ಮಾಡೆಲ್ ಹೋಲಿಸೋಕೆ ಆ ಅಂಕಿ ಸರಿ, ಮನೆ ಬಜೆಟ್ ಹಾಕೋಕೆ ಅಲ್ಲ. ನನ್ನ 110 ಸಿಸಿ ಗುಬ್ಬಿ ರಸ್ತೆಯಲ್ಲಿ 44ರಿಂದ 47ರ ನಡುವೆ ಕೊಡುತ್ತೆ. ರಜೆಯಲ್ಲಿ ಊರೊಳಗೇ ಮಂಡಿಪೇಟೆ, ಟೌನ್‌ಹಾಲ್ ಅಂತ ಸುತ್ತಿದ ತಿಂಗಳು 39.

ಮೈಲೇಜು ದಿಢೀರನೆ ಬಿದ್ದಿದೆ. ಮೊದಲು ಏನು ನೋಡಲಿ?

ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಇಂಜಿನ್ ಬಿಚ್ಚಿಸೋದು, ಕಾರ್ಬರೇಟರ್ ತೊಳೆಸೋದು ಎಲ್ಲ ಆಮೇಲೆ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಒಂದು ಮಳೆಗಾಲದಲ್ಲಿ ಬ್ರೇಕ್ ಸಡಿಲ ಅನ್ನಿಸಿ ಸರ್ವಿಸಿಗೆ ಬಿಟ್ಟಾಗ "ಸ್ವಲ್ಪ ಟೈಟ್ ಮಾಡಿ" ಅಂದಿದ್ದೆ. ಮಾಡಿದರು. ಲಿವರ್ ಮುಟ್ಟಿದರೆ ಗಾಡಿ ನಿಲ್ಲುತ್ತಿತ್ತು, ನನಗೂ ಖುಷಿ. ನೋಟ್‌ಬುಕ್ಕಿನಲ್ಲಿ 46 ಇದ್ದದ್ದು 42 ಆಯಿತು, ಆಮೇಲೆ 40. ಅದೇ ಸರ್ವಿಸಿನವರ ಹತ್ತಿರ ಹೋದರೆ ಏರ್ ಫಿಲ್ಟರ್ ಬದಲಿಸಿದರು, ಪ್ಲಗ್ ಬದಲಿಸಿದರು, ಕಾರ್ಬರೇಟರ್ ಕ್ಲೀನ್ ಮಾಡಿದರು. ಬಿಲ್ ಬಂತು, ಮೈಲೇಜು ಬರಲಿಲ್ಲ.

ಕೊನೆಗೆ ಗುಬ್ಬಿ ಗೇಟಿನ ಹತ್ತಿರ ಒಂದೇ ಶಟರಿನ ಗ್ಯಾರೇಜು ಇಟ್ಟುಕೊಂಡಿರುವ ಒಬ್ಬರನ್ನು ಕೇಳಿದೆ. ಅವರು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಅಂಗೈಯಲ್ಲಿ ಒಂದು ತಳ್ಳು ತಳ್ಳಿದರು. ಚಕ್ರ ಅರ್ಧ ಸುತ್ತು ಹೋಗಿ 'ಶ್ಶ್' ಅಂತ ನಿಂತಿತು.

"ಮೇಡಂ, ಇದ್ರಲ್ಲಿ ಇಂಜಿನ್ ತಪ್ಪೇನಿಲ್ಲ. ನೀವು ಬ್ರೇಕ್ ಹಿಡ್ಕೊಂಡೇ ಗುಬ್ಬಿಗೆ ಹೋಗ್ಬರ್ತಿದ್ದೀರ."

"ಅಲ್ಲಣ್ಣ, ನಾನು ಲಿವರ್ ಮುಟ್ಟೋದೇ ಇಲ್ವಲ್ಲ?"

"ನೀವು ಮುಟ್ಟಲ್ಲ. ಒಳಗೆ ಬ್ರೇಕ್ ಶೂ ಡ್ರಮ್ಮಿಗೆ ಮುಟ್ಕೊಂಡೇ ಕೂತಿದೆ. ಕೈ ಹತ್ರ ತನ್ನಿ, ಡ್ರಮ್ ಬಿಸಿ ನೋಡಿ."

ನಿಜ, ಹತ್ತಿರ ತಂದ ಕೈಗೆ ಬಿಸಿ ಬಡಿಯುತ್ತಿತ್ತು. (ಮುಟ್ಟಬೇಡಿ, ಸುಡುತ್ತೆ.) ಬ್ರೇಕಿನ ನಟ್ಟು ಎರಡು ಸುತ್ತು ಸಡಿಲ ಮಾಡಿದರು. ಮಳೆನೀರು, ಕೆಸರು ಹೋಗಿ ಬಿಗಿಯಾಗಿದ್ದ ಕ್ಯಾಮ್, ಅಂದರೆ ಶೂಗಳನ್ನು ಡ್ರಮ್ಮಿಗೆ ಒತ್ತುವ ತುಂಡನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿದರು. ಈಗ ಅದೇ ತಳ್ಳಿಗೆ ಚಕ್ರ ಮೂರ್ನಾಲ್ಕು ಸುತ್ತು ಹೋಯಿತು. ಅದಾದ ಐದು ಫುಲ್ ಟ್ಯಾಂಕಿನ ಸರಾಸರಿ 45.8.

ಇಂಜಿನ್ ಆಫ್ ಇದ್ದಾಗ, ಇಂಜಿನ್ನನ್ನು ಚಕ್ರಕ್ಕೆ ಜೋಡಿಸುವ ಸ್ಕೂಟರಿನ ಕ್ಲಚ್ಚು ಬಿಟ್ಟುಕೊಂಡಿರುತ್ತೆ, ಹಾಗಾಗಿ ಹಿಂದಿನ ಚಕ್ರ ಸಲೀಸಾಗಿ ತಿರುಗಲೇಬೇಕು. ಮುಂದಿನದಕ್ಕೆ ಯಾರನ್ನಾದರೂ ಹಿಂದೆ ಅದುಮಿ ಹಿಡಿಯೋಕೆ ಹೇಳಿ, ಮುಂದಿನ ಚಕ್ರ ಎತ್ತಿಸಿ ತಿರುಗಿಸಿ. 125 ಸಿಸಿ ತನಕದ ಸ್ಕೂಟರುಗಳಲ್ಲಿ ಎಡಗೈ ಬ್ರೇಕ್ ಎರಡೂ ಚಕ್ರ ಹಿಡಿಯುವ ವ್ಯವಸ್ಥೆ 2019ರಿಂದ ಕಡ್ಡಾಯವಾಗಿದೆ. ಅದರಲ್ಲಿ ಒಂದು ಕೇಬಲ್ ಎಳೆದುಕೊಂಡರೂ ಎರಡು ಚಕ್ರಕ್ಕೂ ಶನಿ. ಲಿವರಿಗೆ ಎಷ್ಟು ಆಟ ಇರಬೇಕು ಅನ್ನೋದು ಗಾಡಿಯ ಪುಸ್ತಕದಲ್ಲಿದೆ. ಆಟವೇ ಇಲ್ಲದ ಬ್ರೇಕು ಒಳ್ಳೆ ಬ್ರೇಕಲ್ಲ.

ಇನ್ನೊಂದು, ಎಡಗೈಯ ಎರಡು ಬೆರಳನ್ನು ಸದಾ ಲಿವರ್ ಮೇಲೆ ಒರಗಿಸಿಕೊಂಡು ಓಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಿಂದೆ ಬರುವವರಿಗೂ ನಿಮ್ಮ ಬ್ರೇಕ್ ಲೈಟ್ ನೋಡಿ ನೋಡಿ ತಲೆ ಕೆಟ್ಟಿರುತ್ತೆ.

ಗಾಳಿ ಎಷ್ಟಿರಬೇಕು?

ಹೆಚ್ಚಿನ 110 ಸಿಸಿ ಸ್ಕೂಟರಿಗೆ ಮುಂದೆ 22, ಹಿಂದೆ ಒಬ್ಬರೇ ಆದರೆ 29, ಡಬಲ್ ಆದರೆ 36 ಪಿಎಸ್‌ಐ ಆಸುಪಾಸು. ನಿಮ್ಮ ಗಾಡಿಯದು ಅದರ ಸ್ಟಿಕರಿನಲ್ಲೋ ಪುಸ್ತಕದಲ್ಲೋ ಇದೆ, ಅದನ್ನೇ ನಂಬಿ. ಪಂಚರ್ ಅಂಗಡಿಯವರು ಕೇಳದೆ ಎರಡಕ್ಕೂ ಮೂವತ್ತೈದು ಹೊಡೆದು ಕಳಿಸುತ್ತಾರೆ. ಮೈಲೇಜು ಚೂರು ಹೆಚ್ಚಾಗಬಹುದು, ಆದರೆ ಮುಂದಿನ ಚಕ್ರ ಮರಳಿನಲ್ಲಿ ಜಾರುತ್ತೆ, ಸೊಂಟ ಹೋಗುತ್ತೆ. ಹಿಂದೆ 29 ಇರಬೇಕಾದಲ್ಲಿ 20ಕ್ಕೆ ಇಳಿದಿರುವ ಗಾಡಿಗಳೇ ನಮ್ಮ ಶಾಲೆಯ ಸ್ಟ್ಯಾಂಡಿನಲ್ಲಿ ಜಾಸ್ತಿ.

ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ನೋಡಿಸಿ. ಟೈರು 10 ಡಿಗ್ರಿ ಬಿಸಿಯಾದರೆ ಒಂದು, ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತೆ. ಏಪ್ರಿಲ್ ಮಧ್ಯಾಹ್ನ ಗುಬ್ಬಿಯಿಂದ ಬಂದು ನೋಡಿಸಿದರೆ ಸರಿಯಾಗಿದೆ ಅಂತಲೇ ಕಾಣುತ್ತೆ, ಮರುದಿನ ಬೆಳಿಗ್ಗೆ ಕಡಿಮೆ ಇರುತ್ತೆ. ಹದಿನೈದು ದಿನಕ್ಕೊಮ್ಮೆ ಸಾಕು. ಬಂಕಿನಲ್ಲಿ ಗಾಳಿಗೆ ದುಡ್ಡಿಲ್ಲ.

ಎಷ್ಟು ಸ್ಪೀಡಿನಲ್ಲಿ ಹೋದರೆ ಮೈಲೇಜು ಚೆನ್ನಾಗಿ ಬರುತ್ತೆ?

ರಸ್ತೆ ಖಾಲಿ ಇದ್ದರೆ 40–45. ಇದಕ್ಕೆ ಕಾರಣ ಗಣಿತ, ನನಗೆ ಇಷ್ಟವಾದ ಭಾಗ.

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ. 45ರಿಂದ 60ಕ್ಕೆ ಹೋದರೆ ವೇಗ ಮೂರನೇ ಒಂದು ಭಾಗ ಹೆಚ್ಚಾಯಿತು, ಗಾಳಿಯ ತಡೆ ಮಾತ್ರ 60/45ರ ವರ್ಗ, ಅಂದರೆ 1.78 ಪಟ್ಟು. ಸ್ಕೂಟರಿನ ಮೇಲೆ ನಾವು ಕೂರೋದು ಕುರ್ಚಿಯಲ್ಲಿ ಕೂತ ಹಾಗೆ, ಎದೆ ಸೆಟೆಸಿಕೊಂಡು. ಗಾಳಿಗೆ ಪೂರ್ತಿ ಬಾಗಿಲು. ದುಪಟ್ಟವೋ ಜಾಕೆಟ್ಟೋ ಪಟಪಟ ಹಾರುತ್ತಿದ್ದರೆ ಅದನ್ನು ಹಾರಿಸುವುದಕ್ಕೂ ಪೆಟ್ರೋಲೇ ಖರ್ಚು. (ದುಪಟ್ಟ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತದ ಮುಂದೆ ಇದೇನೂ ಅಲ್ಲ, ಗಂಟು ಹಾಕಿಕೊಳ್ಳಿ.)

ಆಷಾಢದಲ್ಲಿ ಮೈಲೇಜು ಕಮ್ಮಿಯಾಗುತ್ತೆ ಅನ್ನೋದು ಭ್ರಮೆಯಾ?

ಭ್ರಮೆ ಅಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ವರ್ಷ ಇದೆ. ಜೂನ್, ಜುಲೈನಲ್ಲಿ ನಮ್ಮ ಬಯಲಿನಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತೆ. ಗುಬ್ಬಿ ಇರೋದು ತುಮಕೂರಿಗೆ ಪಶ್ಚಿಮಕ್ಕೆ. ಬೆಳಿಗ್ಗೆ ಎದುರು ಗಾಳಿ, ಸಂಜೆ ಬೆನ್ನ ಗಾಳಿ. "ಹೋಗ್ತಾ ಕಳೆದದ್ದು ಬರ್ತಾ ಸಿಗುತ್ತಲ್ಲ ಮೇಡಂ" ಅಂತ ಸಮಾಜದ ಮೇಷ್ಟ್ರು ವಾದ ಹೂಡಿದರು. ಸಿಗೋದಿಲ್ಲ. ಬೋರ್ಡಿನ ಮೇಲೆ ಬರೆದೇ ತೋರಿಸಿದೆ.

ನೀವು 45ರಲ್ಲಿ ಹೋಗುತ್ತಿದ್ದೀರಿ, ಗಾಳಿ 20ರಲ್ಲಿ ಎದುರು ಬರುತ್ತಿದೆ ಅನ್ನಿ. ಗಾಳಿಯ ಪಾಲಿಗೆ ನಿಮ್ಮ ವೇಗ 65. ತಡೆ 65/45ರ ವರ್ಗ, 2.09 ಪಟ್ಟು. ಸಂಜೆ ಅದೇ ಗಾಳಿ ಬೆನ್ನಿಗೆ, ವೇಗ 25. ತಡೆ 0.31. ಎರಡೂ ಕೂಡಿಸಿ ಅರ್ಧ ಮಾಡಿದರೆ 1.2. ಗಾಳಿಯೇ ಇಲ್ಲದ ದಿನ ಅದು 1. ಅಂದರೆ ಹೋಗಿ ಬರುವ ಒಟ್ಟು ಲೆಕ್ಕದಲ್ಲಿ ಗಾಳಿಯ ತಡೆ ಶೇ. 20 ಹೆಚ್ಚೇ ಆಯಿತು. ಬೆಳಿಗ್ಗೆ ಕೊಟ್ಟಷ್ಟು ಸಂಜೆ ವಾಪಸು ಬರೋದಿಲ್ಲ, ಚೀಟಿ ದುಡ್ಡಿನ ಹಾಗೆ. ಆಷಾಢದ ಬೆಳಿಗ್ಗೆ ನಾನು 40ಕ್ಕೆ ಇಳಿಸಿ ಹತ್ತು ನಿಮಿಷ ಮೊದಲೇ ಹೊರಡುತ್ತೇನೆ.

ಗೇರಿಲ್ಲದ ಗಾಡಿ. ಓಡಿಸೋದ್ರಲ್ಲಿ ಏನು ವ್ಯತ್ಯಾಸ ಇರುತ್ತೆ?

ಗೇರು ಇದೆ, ನಿಮ್ಮ ಕೈಗೆ ಕೊಟ್ಟಿಲ್ಲ ಅಷ್ಟೆ. ಗಾಡಿಯ ಎಡಗಡೆ ಉದ್ದ ಮುಚ್ಚಳದ ಒಳಗೆ ಎರಡು ಪುಲ್ಲಿ, ಅವುಗಳ ನಡುವೆ ಒಂದು ಬೆಲ್ಟು. ಮುಂದಿನ ಪುಲ್ಲಿಯೊಳಗೆ ನೆಲ್ಲಿಕಾಯಿ ಗಾತ್ರದ ರೋಲರುಗಳಿವೆ. ಇಂಜಿನ್ ಜೋರಾದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟು ಮೇಲೇರುತ್ತೆ, ಅದೇ ಗೇರ್ ಬದಲಾದದ್ದು. ಎಕ್ಸಲರೇಟರನ್ನು ಒಮ್ಮೆಗೇ ಪೂರ್ತಿ ತಿರುಚಿದರೆ ಇಂಜಿನ್ 'ಗೊಂಯ್' ಅಂತ ಕೂಗುತ್ತೆ, ಗಾಡಿ ಇನ್ನೂ ನಿಧಾನಕ್ಕೆ ಏಳುತ್ತಿರುತ್ತೆ. ಆ ಕೂಗಿನ ಪೂರ್ತಿ ಪೆಟ್ರೋಲು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ. ನಿಧಾನಕ್ಕೆ ಕೊಡಿ, 40ಕ್ಕೆ ಬಂದ ಮೇಲೆ ಕೈ ಕೂದಲೆಳೆಯಷ್ಟು ಸಡಿಲಿಸಿ. ಇಂಜಿನ್ ಸದ್ದು ತಗ್ಗುತ್ತೆ, ವೇಗ ತಗ್ಗೋದಿಲ್ಲ. ಕಿವಿಯಲ್ಲೇ ಗೊತ್ತಾಗುತ್ತೆ. ಕೆಲವು ಗಾಡಿಗಳಲ್ಲಿ ಇದಕ್ಕೇ ಹಸಿರು ದೀಪ ಇಟ್ಟಿದ್ದಾರೆ.

ಅದಕ್ಕಿಂತ ಹೆಚ್ಚು ಉಳಿಸೋದು ಮುಂದೆ ನೋಡುವ ಕಣ್ಣು. ಬಟವಾಡಿಯ ಹತ್ತಿರ ಮುಂದೆ ಬಸ್ಸು ನಿಂತದ್ದು ಕಾಣುತ್ತಿದ್ದರೂ ಅದರ ಬಾಲದ ತನಕ ರೇಸ್ ಕೊಟ್ಟುಕೊಂಡು ಹೋಗಿ ಗಕ್ಕನೆ ಬ್ರೇಕ್ ಹಾಕುವವರಿದ್ದಾರೆ. ದುಡ್ಡು ಕೊಟ್ಟು ತಂದ ವೇಗವನ್ನು ಬ್ರೇಕ್ ಶೂಗೆ ಸುರಿದ ಹಾಗೆ. ದೂರದಲ್ಲೇ ಎಕ್ಸಲರೇಟರ್ ಬಿಟ್ಟರೆ ಗಾಡಿ ತಾನೇ ಉರುಳಿಕೊಂಡು ಹೋಗುತ್ತೆ.

ಸಿದ್ಧಗಂಗೆ ಜಾತ್ರೆಯ ಜನದ ನಡುವೆ ತೆವಳಿಕೊಂಡು ಹೋಗುವಾಗ ಕ್ಲಚ್ಚು ಅರ್ಧಂಬರ್ಧ ಹಿಡಿದು ಉಜ್ಜುತ್ತಿರುತ್ತೆ. ಅಲ್ಲಿ ಇಳಿದು ತಳ್ಳೋದೇ ವಾಸಿ. ಏರಿನಲ್ಲಿ ಬ್ರೇಕ್ ಬದಲು ಎಕ್ಸಲರೇಟರ್ ಕೊಟ್ಟುಕೊಂಡು ಗಾಡಿ ನಿಲ್ಲಿಸಿಕೊಳ್ಳೋದಂತೂ ಕ್ಲಚ್ಚನ್ನೇ ಸುಟ್ಟ ಹಾಗೆ.

ಸಿಗ್ನಲ್ಲಿನಲ್ಲಿ ಆಫ್ ಮಾಡಬೇಕಾ?

ಅರ್ಧ ನಿಮಿಷಕ್ಕಿಂತ ಹೆಚ್ಚು ಇದ್ದರೆ ಮಾಡಿ. ಸೆಲ್ಫ್ ಸರಿಯಿಲ್ಲದ ಗಾಡಿ, ಬ್ಯಾಟರಿ ಹಳೇದು ಅಂದರೆ ಬೇಡ, ಹಸಿರು ಬಿದ್ದಾಗ ಹಿಂದಿನವರ ಬೈಗುಳ ತಿನ್ನಬೇಕಾಗುತ್ತೆ. ಹೀರೋದ ಐತ್ರೀಎಸ್, ಟಿವಿಎಸ್‌ನ ಇಂಟೆಲಿಗೋ ತರಹದವು ಇದನ್ನು ತಾವೇ ಮಾಡುತ್ತವೆ. ರೈಲ್ವೆ ಗೇಟಿನಲ್ಲಿ ಆಫ್ ಮಾಡದವರಿಗೆ ಮೈಲೇಜಿನ ಬಗ್ಗೆ ಮಾತಾಡೋ ಹಕ್ಕಿಲ್ಲ.

ದೇವರಾಯನದುರ್ಗ ಇಳಿಯುವಾಗ ಆಫ್ ಮಾಡಿಕೊಂಡು ಬಂದರೆ?

ಬೇಡ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಕೋಪ ಬರುತ್ತೆ. ಆಫ್ ಮಾಡಿದರೆ ಇಂಜಿನ್ನಿನ ಹಿಡಿತ ಹೋಗಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಘಟ್ಟದ ತಿರುವುಗಳಲ್ಲಿ ಹಿಡಿದು ಹಿಡಿದು ಡ್ರಮ್ ಕಾದರೆ ಬ್ರೇಕ್ ಹಿಡಿಯೋದೇ ಕಡಿಮೆಯಾಗುತ್ತೆ. ಕೀ ಆಫ್ ಆದರೆ ಬ್ರೇಕ್ ಲೈಟೂ ಇಲ್ಲ, ಹಾರನ್ನೂ ಇಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಕಂಪ್ಯೂಟರೇ ಪೆಟ್ರೋಲ್ ನಿಲ್ಲಿಸುತ್ತೆ. ಉಳಿಸೋದಕ್ಕೆ ಅಲ್ಲಿ ಏನೂ ಉಳಿದೇ ಇರೋದಿಲ್ಲ.

ದಿನಾ ಬರೀ ಎರಡು ಕಿಲೋಮೀಟರ್ ಓಡಿಸ್ತೀನಿ, ಆದರೂ ಮೂವತ್ತೈದೇ ಬರ್ತಿದೆ. ಯಾಕೆ?

ಬರೀ ಎರಡು ಕಿಲೋಮೀಟರ್ ಓಡಿಸೋದಕ್ಕೇ. ತಣ್ಣಗಿನ ಇಂಜಿನ್ ಕಾಯುವ ತನಕ ಹೆಚ್ಚು ಪೆಟ್ರೋಲ್ ಕುಡಿಯುತ್ತೆ, ನಿಮ್ಮದು ಕಾಯುವಷ್ಟರಲ್ಲಿ ಮನೆ ಬಂದಿರುತ್ತೆ. ನಂದಿನಿ ಹಾಲಿಗೆ ನಡೆದುಕೊಂಡು ಹೋಗಿ. ತರಕಾರಿ, ಬ್ಯಾಂಕು, ಔಷಧಿ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಕಾಫಿ ಕುಡಿಯೋಕೆ ಒಳಗೆ ಹೋಗಬೇಡಿ. ಅರ್ಧ ನಿಮಿಷ ಸಾಕು, ಮೊದಲ ಒಂದು ಕಿಲೋಮೀಟರ್ ಮೆಲ್ಲಗೆ ಹೋಗಿ. ಹಳೇ ಗಾಡಿಯಲ್ಲಿ ಕೈ ಚೋಕ್ ಇದ್ದರೆ ಹಾಕಿದ್ದು ಮರೆಯಬೇಡಿ. ಒಮ್ಮೆ ನಾನು ಮರೆತು ಗುಬ್ಬಿ ತನಕ ಹೋಗಿದ್ದೇನೆ, ಪ್ಲಗ್ಗು ಕಾಡಿಗೆ ಡಬ್ಬಿಯಾಗಿತ್ತು.

ಇ20 ಪೆಟ್ರೋಲ್ ಬಂದಮೇಲೆ ಮೈಲೇಜು ಹೋಯ್ತು ಅಂತಾರಲ್ಲ, ನಿಜವಾ?

ಸ್ವಲ್ಪ ನಿಜ. ಜನ ಹೇಳುವಷ್ಟು ಅಲ್ಲ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ನೂರರಲ್ಲಿ 20 ಪಾಲು ಎಥನಾಲ್ ಆದರೆ ಒಟ್ಟು ಶಕ್ತಿ ಶುದ್ಧ ಪೆಟ್ರೋಲಿನ 93 ಪಾಲು. ಆದರೆ ನಾವು ಹಿಂದೆ ಹಾಕಿಸುತ್ತಿದ್ದದ್ದೂ ಶುದ್ಧವಲ್ಲ, ಆಗಲೇ 10 ಪಾಲು ಬೆರೆಸಿಯಾಗಿತ್ತು. ಅದಕ್ಕೆ ಹೋಲಿಸಿದರೆ ಇಳಿಕೆ ಶೇ. 3.5ರ ಹತ್ತಿರ. ನೀತಿ ಆಯೋಗದ 2021ರ ವರದಿ ಕೂಡ ಹಳೆ ದ್ವಿಚಕ್ರ ವಾಹನಗಳಿಗೆ ಶೇ. 3–4 ಅಂತಲೇ ಹೇಳಿತ್ತು. 46 ಕೊಡುವ ಗಾಡಿಗೆ ಒಂದೂವರೆ ಕಿಲೋಮೀಟರ್. ನಿಮ್ಮದು ಹತ್ತು ಬಿದ್ದಿದೆ ಅಂದರೆ ಎಥನಾಲಿಗೆ ಬೈಯುವ ಮುಂಚೆ ಚಕ್ರ ತಿರುಗಿಸಿ ನೋಡಿ.

ಮೈಲೇಜಿಗಿಂತ ನನಗೆ ಚಿಂತೆ ಹಳೆ ಗಾಡಿಯ ರಬ್ಬರು ಪೈಪು, ಸೀಲುಗಳದ್ದು. ನನ್ನದು 2018ರದ್ದು, ಇ20ಗೆ ಅಂತ ಮಾಡಿದ್ದಲ್ಲ. ಸರ್ವಿಸಿನಲ್ಲಿ ಪೆಟ್ರೋಲ್ ಪೈಪ್ ಬಿರಿದಿದೆಯಾ ನೋಡಿಸುತ್ತೇನೆ. ಎಥನಾಲ್ ತೇವ ಹೀರುತ್ತೆ, ಅದಕ್ಕೇ ಬೇಸಿಗೆ ರಜೆಯಲ್ಲೂ ವಾರಕ್ಕೊಮ್ಮೆ ಗಾಡಿ ಓಡಿಸುತ್ತೇನೆ.

ಬೆಳಿಗ್ಗೆ ತಣ್ಣಗಿದ್ದಾಗ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತಂತೆ?

ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತೆ. ಐದು ಡಿಗ್ರಿ ವ್ಯತ್ಯಾಸಕ್ಕೆ 4 ಲೀಟರಿನಲ್ಲಿ 20 ಮಿಲಿ, ಒಂದು ಕೆಮ್ಮಿನ ಸಿರಪ್ಪಿನ ಮುಚ್ಚಳದಷ್ಟು. ಅದೂ ಬಂಕಿನ ಟ್ಯಾಂಕ್ ನೆಲದೊಳಗಿರುತ್ತೆ, ಬೆಳಗು ಮಧ್ಯಾಹ್ನ ಅಂತ ಅದರ ಬಿಸಿ ಅಷ್ಟು ಬದಲಾಗೋದೂ ಇಲ್ಲ. ನೂರರ ಬದಲು ನೂರಾ ಹತ್ತಕ್ಕೆ ಹಾಕಿಸೋದೂ ಇದೇ ಜಾತಿಯ ನಂಬಿಕೆ.

ಅಳತೆಯ ಮೇಲೇ ಅನುಮಾನ ಇದ್ದರೆ ಬಂಕಿನಲ್ಲಿ ಸೀಲ್ ಹಾಕಿದ 5 ಲೀಟರ್ ಅಳತೆ ಕ್ಯಾನು ಕೇಳಿ. ಪ್ರತಿ ಬಂಕಿನಲ್ಲೂ ಇರಬೇಕು, ನಿಮ್ಮೆದುರೇ ಅಳೆದು ತೋರಿಸಬೇಕು. 25 ಮಿಲಿ ಆಚೀಚೆ ನಿಯಮದೊಳಗೇ. ಅದಕ್ಕಿಂತ ಹೆಚ್ಚು ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.

ಪ್ರೀಮಿಯಂ ಪೆಟ್ರೋಲ್ ಹಾಕಿಸಲಾ?

ಪ್ರೀಮಿಯಂನಲ್ಲಿ ಹೆಚ್ಚಿರೋದು ಆಕ್ಟೇನ್. ಆಕ್ಟೇನ್ ಅಂದರೆ ಇಂಜಿನ್ ಬಡಿತ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಹೊತ್ತಿ ಟಕಟಕ ಅನ್ನೋದು) ತಡೆಯುವ ಗುಣ, ಹೆಚ್ಚಿನ ಶಕ್ತಿ ಅಲ್ಲ. ಸ್ಕೂಟರಿಗೆ ಮಾಮೂಲಿ ಪೆಟ್ರೋಲೇ ಸಾಕು.

ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್, ಟ್ಯಾಂಕಿಗೆ ಮಾತ್ರೆ?

ಮುಂದಿನ ಪ್ರಶ್ನೆ.

ಆಯಿಲ್, ಫಿಲ್ಟರ್, ಪ್ಲಗ್: ಯಾವುದರಿಂದ ಎಷ್ಟು ವ್ಯತ್ಯಾಸ?

ಆಯಿಲ್ ವಿಷಯದಲ್ಲಿ ಒಂದೇ ಮಾತು, ಪುಸ್ತಕದಲ್ಲಿ 10ಡಬ್ಲ್ಯು-30 ಅಂತಿದ್ದರೆ ಅದೇ ಹಾಕಿಸಿ. "ನಮ್ಮ ಬಿಸಿಲಿಗೆ ಗಟ್ಟಿ ಆಯಿಲ್ ಒಳ್ಳೇದು" ಅಂತ ಬೈಕಿಗೆ ಹಾಕುವ 20ಡಬ್ಲ್ಯು-40 ಸುರಿಯುವವರಿದ್ದಾರೆ. ಬೈಕಿನ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುತ್ತೆ, ಅದಕ್ಕೆ ಜಾರದ ಆಯಿಲ್ ಬೇಕು, ಡಬ್ಬಿಯ ಮೇಲೆ ಎಂಎ ಅಂತಿರುತ್ತೆ. ಸ್ಕೂಟರಿನದು ಒಣ ಕ್ಲಚ್ಚು, ಎಂಬಿ ಅಂತಿರುವ ಜಾರುವ ಆಯಿಲ್ ನಡೆಯುತ್ತೆ, ಅದೇ ಮೈಲೇಜಿಗೆ ಒಳ್ಳೇದು. ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಅಂತ ಬೇರೆಯೇ ಇದೆ, ಟೀ ಲೋಟದಷ್ಟು. ಅದನ್ನು ಎಲ್ಲರೂ ಮರೆಯುತ್ತಾರೆ.

ಗುಬ್ಬಿ ರಸ್ತೆ ಅಗಲ ಮಾಡುವ ಕಾಲದಲ್ಲಿ ಧೂಳಿಗೆ ನನ್ನ ಏರ್ ಫಿಲ್ಟರ್ ಪುಸ್ತಕ ಹೇಳಿದ ಅವಧಿಯ ಅರ್ಧಕ್ಕೇ ಕಪ್ಪಾಗಿತ್ತು. ಎಣ್ಣೆ ಅಂಟಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಸಿ ಕ್ಲೀನ್ ಮಾಡಿಸಬೇಡಿ, ಅದನ್ನು ಬದಲಿಸೋದೇ. ಸ್ಪಂಜಿನದಾದರೆ ತೊಳೆಯಬಹುದು. ಪ್ಲಗ್ಗು ಅಗ್ಗದ ವಸ್ತು, ಹೊತ್ತಿಗೆ ಸರಿಯಾಗಿ ಬದಲಿಸಿ, ಅದಕ್ಕಿಂತ ಹೆಚ್ಚು ಅದರ ಬಗ್ಗೆ ಯೋಚಿಸಬೇಡಿ.

'ಮೈಲೇಜ್ ಟ್ಯೂನಿಂಗ್' ಮಾಡ್ಕೊಡ್ತೀನಿ ಅಂತಾರೆ. ಮಾಡಿಸಲಾ?

2020ರ ಏಪ್ರಿಲ್ ನಂತರದ ಬಿಎಸ್6 ಇಂಜೆಕ್ಷನ್ ಸ್ಕೂಟರಿನಲ್ಲಿ ಸ್ಕ್ರೂ ತಿರುಗಿಸಿ ಟ್ಯೂನ್ ಮಾಡುವಂಥದ್ದು ಏನೂ ಇಲ್ಲ. ಯಾರಾದರೂ ಮಾಡಿದೆ ಅಂದರೆ ಏನು ಮಾಡಿದಿರಿ ಅಂತ ಕೇಳಿ. ಕಾರ್ಬರೇಟರ್ ಗಾಡಿಯಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಬರುವ ಹಾಗೆ ಕೂರಿಸಬಹುದು. ಒಂದು ವಾರ ಮೈಲೇಜು ಬರುತ್ತೆ. ಜೊತೆಗೆ ಪಿಕಪ್ ಸಾಯುತ್ತೆ, ಇಂಜಿನ್ ವಿಪರೀತ ಕಾಯುತ್ತೆ, ಪ್ಲಗ್ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತೆ, ಕೊನೆಗೆ ವಾಲ್ವಿಗೇ ಪೆಟ್ಟು. ಪ್ಲಗ್ ತುದಿ ಇಟ್ಟಿಗೆ ಪುಡಿಯ ಬಣ್ಣಕ್ಕಿದ್ದರೆ ಮುಟ್ಟಲು ಬಿಡಬೇಡಿ.

ಬೆಲ್ಟ್, ರೋಲರ್ ಯಾವಾಗ ನೋಡಿಸಬೇಕು?

ಬೆಲ್ಟು ಸಾಮಾನ್ಯವಾಗಿ 20–24 ಸಾವಿರ ಕಿಲೋಮೀಟರಿಗೆ. ರೋಲರ್ ದುಂಡಗಿರಬೇಕು. ಸವೆದು ಒಂದು ಕಡೆ ಚಪ್ಪಟೆಯಾದರೆ ಪೂರ್ತಿ ಹೊರಕ್ಕೆ ಸರಿಯೋದಿಲ್ಲ, ಬೆಲ್ಟು ಕೊನೆಯ ಗೇರಿಗೆ ಏರೋದಿಲ್ಲ. 50ರಲ್ಲಿ ಇಂಜಿನ್ ಮೊದಲಿಗಿಂತ ಜೋರಾಗಿ ಕೂಗುತ್ತಿದೆ ಅನ್ನಿಸಿದರೆ ಬಿಚ್ಚಿಸಿ. ನನ್ನದರಲ್ಲಿ ತೆಗೆದ ರೋಲರುಗಳು ಅರ್ಧ ತಿಂದ ಪೆಪ್ಪರಮಿಂಟಿನ ಹಾಗಿದ್ದವು.

ಊರಿಂದ ಬರುವಾಗ ಮುಂದೆ ಒಂದು ಚೀಲ ತೆಂಗಿನಕಾಯಿ ಇರುತ್ತೆ. ಅದರಿಂದ ಎಷ್ಟು ನಷ್ಟ?

ವಾರಕ್ಕೊಮ್ಮೆ ಆದರೆ ಲೆಕ್ಕಕ್ಕೇ ಇಲ್ಲ, ತನ್ನಿ. ಕಾಯಿಯ ರೇಟು ನೋಡಿದರೆ ಪೆಟ್ರೋಲೇ ಅಗ್ಗ. ನಿಂತು ನಿಂತು ಹೊರಡುವ ಊರೊಳಗೆ ಭಾರ ಹೆಚ್ಚು ತಿನ್ನುತ್ತೆ, ಒಂದೇ ಸಮ ಓಡುವ ಹೆದ್ದಾರಿಯಲ್ಲಿ ಕಡಿಮೆ. ವರ್ಷಗಟ್ಟಲೆ ಸೀಟಿನ ಕೆಳಗೆ ಹೊತ್ತು ತಿರುಗುವ ಹಳೇ ಬೀಗ, ಸರಪಳಿ, ಎರಡು ರೇನ್‌ಕೋಟ್, ಯಾವತ್ತಿನದೋ ಉತ್ತರ ಪತ್ರಿಕೆ ಕಟ್ಟು ಮೊದಲು ತೆಗೆಯಿರಿ. ಕಟ್ಟು ನನ್ನ ಡಿಕ್ಕಿಯಲ್ಲೇ ಸಿಕ್ಕಿದ್ದು.

ಇಷ್ಟೆಲ್ಲ ಮಾಡಿದರೆ ತಿಂಗಳಿಗೆ ಉಳಿಯೋದು ಎಷ್ಟು?

ನನ್ನ ಲೆಕ್ಕ: ದಿನಕ್ಕೆ 48 ಕಿ.ಮೀ., ತಿಂಗಳಿಗೆ 25 ದಿನ, 1,200 ಕಿ.ಮೀ. 42 ಬಂದರೆ 28.6 ಲೀಟರ್ ಬೇಕು, 48 ಬಂದರೆ 25. ಉಳಿದದ್ದು 3.6 ಲೀಟರ್. ಲೀಟರಿಗೆ ನೂರು ಅಂತ ಹಿಡಿದರೂ 360 ರೂಪಾಯಿ. ತಿಂಗಳಿಗೆ 200 ಕಿಲೋಮೀಟರ್ ಓಡಿಸುವವರಿಗೆ ಅದೇ ಲೆಕ್ಕದಲ್ಲಿ 60 ರೂಪಾಯಿ. ಅಂಥವರು 900 ರೂಪಾಯಿಯ ಮೈಲೇಜ್ ಸಾಮಾನು ಕೊಳ್ಳೋದು ಯಾವ ಗಣಿತವೋ ನನಗೆ ಗೊತ್ತಿಲ್ಲ.

ಪಿಟಿ ಮೇಷ್ಟ್ರ ಗಾಡಿ ಕೊನೆಗೂ ಎಷ್ಟು ಕೊಡ್ತು?

ನಾನೇ ಬಂಕಿಗೆ ಜೊತೆಗೆ ಹೋಗಿ ಎರಡು ಸಲ ಫುಲ್ ಮಾಡಿಸಿದಾಗ 43 ಬಂತು. "ಇದು ನಿಮ್ ಲೆಕ್ಕ ಮೇಡಂ, ನಂದು ಬೇರೆ" ಅಂದರು. ಆದರೂ ಮನಸ್ಸಿಗೆ ತಾಗಿತ್ತು ಅಂತ ಕಾಣುತ್ತೆ, ಮರುವಾರ ರಟ್ಟು ಹಾಕಿಸಿದ ಹೊಸ ನೋಟ್‌ಬುಕ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಸೋಮವಾರ, ಪೆಟ್ರೋಲ್, ರೂ. 200.' ಲೀಟರೂ ಇಲ್ಲ, ಕಿಲೋಮೀಟರೂ ಇಲ್ಲ.